ಹೂವಿಲ್ಲದ ನರ್ಸರಿ

ನಮ್ಮ ಬೀದಿ ಕೊನೆಯ ನರ್ಸರಿ ಯಜಮಾನರಿಗೆ ಹೂ ಬಿಟ್ಟ ಗಿಡ ಕಂಡರಾಗದು. ಹಂಗಾಮಿಗೆ ಮುಂಚೆ ಮಾರಾಟಕ್ಕೆ ಸಸಿ ಆರಿಸಲು ಬೆಳೆಗಾರರ ಬಳಿ ಹೋದಾಗ ಚೆಂಡು ಹೂವಿನ ಟ್ರೇಯಲ್ಲಿ ಒಂದು ಮೊಗ್ಗು ಇಣುಕಿದರೂ ಸಾಕು, "ಬೇರು ಇಳಿಯೋ ಮೊದಲೇ ಇದಕ್ಕೆ ಶೋಕಿ, ಬೇಡ" ಎಂದು ಪಕ್ಕಕ್ಕೆ ತಳ್ಳುತ್ತಾರೆ. ಟೊಮೇಟೊ ಸಸಿಯ ಬುಡ ಬಿಡಿಸಿ ಬೇರು ನೋಡುತ್ತಾರೆ, ಕನ್ನಡಕ ಏರಿಸಿ ಬದನೆ ಎಲೆಯ ಹಿಂಬದಿಯನ್ನು ತಪಾಸಣೆ ಮಾಡುತ್ತಾರೆ. ಮಗಳಿಗೆ ಗಂಡು ನೋಡುವಾಗಲೂ ಇಷ್ಟು ವಿಚಾರಿಸಲಿಲ್ಲವೆಂದು ಹೆಂಡತಿಯ ದೂರು. "ಹೂವೇ ಇಲ್ಲದ ನರ್ಸರಿಗೆ ಯಾರ್ರೀ ಬರ್ತಾರೆ?" ಎಂದು ಆಕೆ ಗೊಣಗಿದರೆ, "ನೆಟ್ಟು ಒಂದು ತಿಂಗಳು ಕಾಯ್ಲಿ, ಆಮೇಲೆ ನೋಡು" ಎಂಬುದೇ ಉತ್ತರ. ಹೋದ ವರ್ಷ ಒಬ್ಬಾಕೆ ಬಂದು, "ಅಮ್ಮನ ಹಾಸಿಗೆ ಪಕ್ಕದ ಕಿಟಕಿಯಲ್ಲಿಡೋಕೆ ಹೂ ಇರೋ ಗಿಡ ಬೇಕಿತ್ತು. ಡಾಕ್ಟರು ಹೆಚ್ಚಂದ್ರೆ ಹತ್ತು ದಿನ ಅಂದಿದ್ದಾರೆ" ಎಂದಳು. ಯಜಮಾನರು ಇಡೀ ನರ್ಸರಿ ಸುತ್ತಿದರು, ಬರೀ ಹಸಿರು. ಆಕೆಯನ್ನು ಕೂರಿಸಿ, ತಾವು ಮಾತೂ ಆಡಿಸದ ಎದುರು ನರ್ಸರಿಗೆ ಓಡಿಹೋಗಿ, ಮೈತುಂಬ ಅರಳಿದ ಜಿನ್ನಿಯಾ ಕುಂಡವೊಂದನ್ನು ಎದೆಗವಚಿಕೊಂಡು ತಂದುಕೊಟ್ಟರು. ಈ ಸಲದ ಸಸಿ ಪಟ್ಟಿಯಲ್ಲಿ ಅರಳಿದ ಗಿಡಗಳ ಎರಡು ಟ್ರೇ ಸೇರಿದ್ದು ಕಂಡು ಹೆಂಡತಿ ಹುಬ್ಬೇರಿಸಿದಾಗ, "ಕಾಯೋಕಾಗದವರೂ ಬರ್ತಾರೆ ಕಣೇ" ಎಂದರು.