ಎರಡನೆಯ ಪುಸ್ತಕ ಓದದೆ ತೀರ್ಪಿಲ್ಲ

“ನಾ ಕೇಳಿದ್ದು ಒಂದ ಪುಸ್ತಕರೀ. ಈ ಇನ್ನೊಂದನ್ನ ನಿಮ್ಮ ಮನಿಯೊಳಗ ಇಟ್ಕೋರಿ.”

“ತಕೊಂಡು ಹೋಗುದಾದ್ರೆ ಎರಡೂ ತಕೊಳ್ಳಿ. ಇಲ್ಲದಿದ್ರೆ ಎರಡೂ ಇಲ್ಲೇ ಇರ್ತದೆ.”

“ಇದ್ಯಾವ ಊರ ಕಾಯ್ದೆ?”

“ಈ ಕಪಾಟಿನ ಕಾಯ್ದೆ ಮಾರಾಯ್ರೆ. ಕೂಗ್ಬೇಡಿ, ಅಲ್ಲಿ ಮಕ್ಕಳು ಓದ್ತಾ ಇದ್ದಾರೆ.”

ಲಂಡನ್ನಿನ ದಕ್ಷಿಣದ ಕ್ರೋಯ್ಡನ್ನಿನಲ್ಲಿ, ನಮ್ಮ ಬೀದಿಯ ಶಾಖಾ ಗ್ರಂಥಾಲಯದಲ್ಲಿ ೧೯೯೪ರ ಮಾರ್ಚ್ ತಿಂಗಳಲ್ಲಿ ನಡೆದ ಜಗಳವಿದು. ಇಂಗ್ಲಿಷಿನಲ್ಲೇ ಶುರುವಾಗಿತ್ತು. ನನ್ನ ಇಂಗ್ಲಿಷ್ ಖರ್ಚಾದ ಮೇಲೆ, ಎದುರಿನವರಿಗೆ ತಿಳಿಯಲಾರದೆಂದು ನಾನು ಕನ್ನಡದಲ್ಲಿ ಬೈಯತೊಡಗಿದೆ. ಮೇಜಿನ ಆಚೆಯಿಂದ ಉಡುಪಿಯ ಕನ್ನಡದಲ್ಲಿ ಉತ್ತರ ಬಂತು. ಶ್ರೀಮತಿ ಜೂಲಿಯಾ ಮಥಾಯಸ್ ಅವರ ಪರಿಚಯ ನನಗಾದದ್ದು ಹೀಗೆ. ಅವರ ಈ ಅಭಿನಂದನ ಗ್ರಂಥದಲ್ಲಿ ಇದನ್ನು ಬರೆಯಬಾರದೆಂದು ಸಂಪಾದಕರು ಹೇಳಿದ್ದರು. ಬರೆಯದಿದ್ದರೆ ನನಗೆ ಬೇರೆ ಆರಂಭ ಗೊತ್ತಿಲ್ಲ.

ಗ್ರಂಥಪಾಲಕರನ್ನು ಹೊಗಳುವವರು ಅವರು ನೋಡಿಕೊಂಡ ಪುಸ್ತಕಗಳನ್ನು ಲಕ್ಷದ ಲೆಕ್ಕದಲ್ಲಿ ಹೇಳುತ್ತಾರೆ. ಜೂಲಿಯಾ ಅವರ ಕ್ಷೇತ್ರ ಒಂದೇ ಒಂದು ಕಪಾಟು. ಯಾರೋ ವಕೀಲರು ಸಾಯುವ ಮುಂಚೆ ಆ ಶಾಖೆಗೆ ಬರೆದುಕೊಟ್ಟ ಇನ್ನೂರು ಚಿಲ್ಲರೆ ಪುಸ್ತಕಗಳು ಅಲ್ಲಿದ್ದವು. ಅವೆಲ್ಲ ಅಮೆರಿಕದ ಇತಿಹಾಸದ ಕಾನೂನು, ನ್ಯಾಯ, ದರೋಡೆಕಾರರ ಮೇಲಿನವು. ಯಾರೂ ಮುಟ್ಟುವುದಿಲ್ಲ, ತೆಗೆದುಬಿಡಿ ಎಂದು ಮೇಲಿನವರು ಎರಡು ಸಲ ಹೇಳಿದರೂ ಕೇಳದೆ, ಒಂದೊಂದನ್ನೂ ಓದಿ, ಒಂದೊಂದಕ್ಕೂ ಎದುರು ಮಾತಾಡುವ ಪುಸ್ತಕವನ್ನು ಹುಡುಕಿ, ಜೋಡಿ ಜೋಡಿಯಾಗಿ ನಿಲ್ಲಿಸಿದವರು ಅವರು. ರೈಲು ದರೋಡೆಕಾರನನ್ನು ಮೆಚ್ಚಿ ಬರೆದದ್ದರ ಪಕ್ಕದಲ್ಲಿ ಅವನಿಂದ ಸತ್ತವರ ಕತೆ. ನ್ಯಾಯಾಧೀಶನನ್ನು ಹೊಗಳಿದ್ದರ ಪಕ್ಕದಲ್ಲಿ ಅವನು ನೇಣಿಗೆ ಕಳಿಸಿದವರ ಲೆಕ್ಕ. ಒಂದನ್ನೇ ಯಾರಿಗೂ ಕೊಡುತ್ತಿರಲಿಲ್ಲ. ಅದು ಗ್ರಂಥಾಲಯದ ನಿಯಮವೂ ಅಲ್ಲ, ಕೌನ್ಸಿಲ್ಲಿನ ನಿಯಮವೂ ಅಲ್ಲ ಎಂದು ನನಗೆ ತಿಳಿದದ್ದು ಎರಡು ವರ್ಷದ ಮೇಲೆ. ಅಷ್ಟರಲ್ಲಿ ನಾನು ನಲವತ್ತು ಪುಸ್ತಕ ಓದಿ ಮುಗಿಸಿದ್ದೆ.

ನಾನು ವಿಜಯಪುರದ ಕಡೆಯ ಹಳ್ಳಿಶಾಲೆಯಲ್ಲಿ ಏಳನೆಯ ಇಯತ್ತೆ ಓದಿದವನು. ಆಸ್ಪತ್ರೆಯ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಕೆಲಸ. ನಮ್ಮ ಕಡೆ ದರೋಡೆಕಾರನ ಮೇಲೂ ಲಾವಣಿ ಕಟ್ಟುತ್ತಾರೆ. ಅಮೆರಿಕದವರೂ ಹಾಗೇ ಮಾಡಿದರೇ ಎಂಬ ಕುತೂಹಲದಿಂದ ಅಲ್ಲಿಗೆ ಹೋಗಿದ್ದೆ. ನನ್ನ ಪಾಳಿ ಎರಡು ಗಂಟೆಗೆ ಮುಗಿಯುತ್ತಿತ್ತು, ಅಲ್ಲಿಂದ ನೇರ ಗ್ರಂಥಾಲಯಕ್ಕೆ. ಜೂಲಿಯಾ ಅವರು ಕಠಿಣ ಶಬ್ದಗಳ ಅರ್ಥವನ್ನು ಚೀಟಿಯಲ್ಲಿ ಕನ್ನಡದಲ್ಲಿ ಬರೆದು ಪುಟಗಳ ನಡುವೆ ಇಟ್ಟಿರುತ್ತಿದ್ದರು. ೧೯೯೬ರಲ್ಲಿ ನನ್ನ ಹೆಂಡತಿ ಕಾಶವ್ವ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದಾಗ, ಶಾಲೆ ಮುಗಿಸಿ ಬಂದ ನಮ್ಮ ಮಗಳು ಅನ್ವಿತಾಳನ್ನು ಮಕ್ಕಳ ವಿಭಾಗದಲ್ಲಿ ಕೂರಿಸಿಕೊಂಡು, ತಮ್ಮ ಡಬ್ಬಿಯ ನೀರುದೋಸೆ ಕೊಟ್ಟು, ನಾನು ಆಸ್ಪತ್ರೆಯಿಂದ ಬರುವವರೆಗೆ ಕಾದರು. ಕೇಳಿದ್ದು ನಾನಲ್ಲ. ಕೇಳುವುದು ನನಗೆ ಬರುವುದಿಲ್ಲವೆಂದು ಅವರಿಗೆ ಗೊತ್ತಿತ್ತು.

ಅದೇ ವರ್ಷ ಶನಿವಾರದ ಓದು ಶುರುವಾಯಿತು. ಆರೇಳು ಮಂದಿ ಕನ್ನಡದವರು ಸೇರುತ್ತಿದ್ದೆವು. ಒಬ್ಬರು ಒಂದು ಜೋಡಿಯ ಕತೆ ಹೇಳಬೇಕು, ಉಳಿದವರು ತೀರ್ಪು ಕೊಡಬೇಕು. ಎರಡನ್ನೂ ಓದದವರು ತೀರ್ಪು ಕೊಡುವಂತಿಲ್ಲ. “ಓದಿ ಹೇಳ್ತೇನೆ” ಎಂದಷ್ಟೇ ಹೇಳಿ ಸುಮ್ಮನಿರಬೇಕು. ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಓದುತ್ತಿದ್ದವರು ಮೈಸೂರಿನ ಲಕ್ಷ್ಮೀಶ. ನನ್ನ ಕಾರ್ಖಾನೆಯಲ್ಲೇ ಇಸ್ತ್ರಿ ವಿಭಾಗದಲ್ಲಿದ್ದರು. ನನ್ನನ್ನು ಆ ಓದಿಗೆ ಎಳೆದುಕೊಂಡು ಹೋದವರೂ ಅವರೇ.

೧೯೯೭ರ ನವೆಂಬರಿನಲ್ಲಿ ವಲಸೆ ಅಧಿಕಾರಿಗಳು ಕಾರ್ಖಾನೆಗೆ ಬಂದು ಕಲಬುರಗಿಯ ಸೂರಜನನ್ನು ಹಿಡಿದುಕೊಂಡು ಹೋದರು. ಅವನ ವೀಸಾ ಮುಗಿದಿತ್ತು. ಅದರ ಎರಡು ದಿನ ಮೊದಲು ಗೇಟಿನ ಹೊರಗೆ ಸಮವಸ್ತ್ರ ತೊಟ್ಟ ಒಬ್ಬನ ಜೊತೆ ಲಕ್ಷ್ಮೀಶ ಮಾತಾಡುತ್ತಿದ್ದುದನ್ನು ನಾನು ನೋಡಿದ್ದೆ. ನನಗೆ ಅಷ್ಟು ಸಾಕಾಯಿತು.

ಆ ಶನಿವಾರ ಲಕ್ಷ್ಮೀಶರ ಸರದಿ. ಮೊಂಟಾನಾದ ಚಿನ್ನದ ಗಣಿಯ ಜನ ತಾವೇ ಸಮಿತಿ ಮಾಡಿಕೊಂಡು, ಕೋರ್ಟಿಲ್ಲದೆ, ತಮ್ಮೂರಿನ ಕಾನೂನು ಕಾಯುವ ಶೆರಿಫನನ್ನೇ ಕಳ್ಳರ ನಾಯಕನೆಂದು ನೇಣಿಗೆ ಹಾಕಿದ ಕತೆ. ನೇಣು ಹಾಕಿದ್ದು ಸರಿಯೆಂದು ಸಾಧಿಸುವ ಮೊದಲನೆಯ ಪುಸ್ತಕವನ್ನು ಅವರು ಓದಿದ್ದರು. ಸಾಕ್ಷಿ ಎಲ್ಲಿತ್ತು ಎಂದು ಕೇಳುವ ಎರಡನೆಯದು ಇನ್ನೂ ಅರ್ಧವಾಗಿತ್ತು. ನಾನು ಬಾಯಿ ಹಾಕಿದೆ. “ಆ ಶೆರಿಫನ ಕತಿ ಬಿಡು. ಸೂರಜನ್ನ ಹಿಡಿಸಿಕೊಟ್ಟಾವ ನೀನ. ಚಾಡಿಕೋರ.”

ಜೂಲಿಯಾ ಅವರು ಎದ್ದು ನಿಂತರು. “ನಾಗಲಿಂಗಪ್ಪನವರೇ, ಇವರ ಮಾತು ಕೇಳಿದ್ರಾ ನೀವು?”

“ಕೇಳೂದೇನೈತ್ರಿ ಅಕ್ಕಾರ? ಗೇಟಿನ ಹೊರಗ ಯೂನಿಫಾರ್ಮಿನವನ ಜೋಡಿ ಮಾತಾಡೂದನ್ನ ಕಣ್ಣಾರೆ ನೋಡೇನಿ.”

ಲಕ್ಷ್ಮೀಶ ಅರ್ಧ ಓದಿದ ಪುಸ್ತಕವನ್ನು ಮೇಜಿನ ಮೇಲಿಟ್ಟು, ಕೋಟು ತೊಟ್ಟು ಹೋದರು. ಕಾರ್ಖಾನೆಯಲ್ಲಿ ಅವರ ಜೊತೆ ಯಾರೂ ಕೂತು ಉಣ್ಣದಂತೆ ನಾನೇ ನೋಡಿಕೊಂಡೆ. ಮೂರು ವಾರದಲ್ಲಿ ಕೆಲಸ ಬಿಟ್ಟು ಹೆಂಡತಿಯೊಡನೆ ಲಂಡನ್ನಿನ ಆಚೆ ತುದಿಯ ಇಲ್ಫರ್ಡಿಗೆ ಹೊರಟುಹೋದರು.

ಅವರು ಹೋದ ಮೇಲೆ ಜೂಲಿಯಾ ಅವರು, ಆ ಸಮವಸ್ತ್ರ ಹೇಗಿತ್ತು ಎಂದು ನನ್ನನ್ನು ಕೇಳಿದರು. ಟೋಪಿ, ಭುಜದ ಪಟ್ಟಿ, ಕೈಯಲ್ಲಿ ಸಣ್ಣ ಪುಸ್ತಕ ಎಂದೆ. ಊಟದ ಬಿಡುವಿನಲ್ಲಿ ನನ್ನನ್ನು ದೊಡ್ಡ ರಸ್ತೆಗೆ ಕರೆದುಕೊಂಡು ಹೋಗಿ, ತಪ್ಪಾಗಿ ನಿಂತ ಕಾರುಗಳಿಗೆ ದಂಡದ ಚೀಟಿ ಅಂಟಿಸುತ್ತಿದ್ದವನನ್ನು ತೋರಿಸಿದರು. “ಇಂಥ ಅಂಗಿಯಾ?”

ಅದೇ ಅಂಗಿ. ಗೇಟಿನ ಹೊರಗೆ ನಾನು ನೋಡಿದ್ದು ವಲಸೆ ಅಧಿಕಾರಿಯನ್ನಲ್ಲ. ಫೆಬ್ರುವರಿಯಲ್ಲಿ ಕಲಬುರಗಿಯಿಂದ ಸೂರಜನ ಪತ್ರ ಬಂತು: ವೀಸಾ ಮುಂದುವರಿಸಿರೆಂದು ಕಚೇರಿಗೆ ಬರೆದ ಅರ್ಜಿಯಲ್ಲಿ ಕಾರ್ಖಾನೆಯ ವಿಳಾಸವನ್ನು ತಾನೇ ಕೊಟ್ಟಿದ್ದನಂತೆ.

ಆ ದಿನಗಳಲ್ಲಿ ನನಗೆ ಇನ್ನು ಪುಸ್ತಕ ಇಲ್ಲವೆಂದು ಅವರು ಹೇಳಿದ್ದರೆ ತಪ್ಪಿರಲಿಲ್ಲ. ಹೇಳಲಿಲ್ಲ. ಎಂದಿನಂತೆ ಎರಡು ಪುಸ್ತಕ ಮುಂದಿಟ್ಟರು. ಕಾರ್ಖಾನೆಯಲ್ಲಿ ಊಟದ ಹೊತ್ತಿಗೆ ಎಲ್ಲರ ಎದುರು ನಿಂತು, ನಾನು ಹೇಳಿದ್ದು ಸುಳ್ಳು ಎಂದು ಹೇಳಿಬರುವ ಧೈರ್ಯ ನನಗೆ ಬಂದದ್ದು ಅವರಿಂದ. ವರ್ಷಕ್ಕೊಂದರಂತೆ ಇಲ್ಫರ್ಡಿಗೆ ನಾನು ಬರೆದ ಒಂಬತ್ತು ಪತ್ರಗಳ ಕಾಗುಣಿತ ತಿದ್ದಿದವರೂ ಅವರೇ. ಒಂದಕ್ಕೂ ಉತ್ತರ ಬರಲಿಲ್ಲ. ಅರ್ಧ ಓದಿದ ಆ ಪುಸ್ತಕ ಮಾತ್ರ, ಲಕ್ಷ್ಮೀಶರ ಹೆಸರಿನ ಚೀಟಿಯೊಡನೆ, ಜೂಲಿಯಾ ಅವರ ಮೇಜಿನ ಹಿಂದಿನ ಹಲಗೆಯ ಮೇಲೆ ಹತ್ತು ವರ್ಷ ಕೂತಿತ್ತು. ಬೇರೆ ಯಾರಿಗೂ ಕೊಡಲಿಲ್ಲ. ಅದು ಮಾತ್ರ ನಿಯಮ ಮುರಿದದ್ದೇ ಎಂದು ಅವರೇ ನಗುತ್ತಿದ್ದರು.

ಕಳೆದ ಜೂನಿನಲ್ಲಿ ಅವರು ನಿವೃತ್ತರಾದರು. ಆ ಇಷ್ಟಗಲ ಕಪಾಟಿನಿಂದ ನನ್ನಂಥ ಮುಂಗೋಪಿಗೂ ನ್ಯಾಯವೆಂದರೇನು ಎಂದು ಕಲಿಸಿದ ತಾಯಿಗೆ ದೇವರು ಗಟ್ಟಿ ಕಣ್ಣು, ಗಟ್ಟಿ ಕಾಲು, ಇನ್ನೂ ನಲವತ್ತು ವರ್ಷ ಕೊಡಲಿ. ಶನಿವಾರದ ಓದು ಈಗ ಅವರ ಮನೆಯಲ್ಲಿ ನಡೆಯುತ್ತಿದೆ. ಅದು ನಿಲ್ಲದಿರಲಿ. ನನಗಂತೂ ಆ ಓದು ಬೇಕೇಬೇಕು. ಕಾರಣ ಹೇಳಿ ಮುಗಿಸುತ್ತೇನೆ.

ಬೀಳ್ಕೊಡುಗೆಯ ದಿನ ಲಕ್ಷ್ಮೀಶ ಬಂದಿದ್ದರು. ತಲೆ ನರೆತಿತ್ತು. ಜೂಲಿಯಾ ಅವರು ಹಲಗೆಯ ಮೇಲಿಂದ ಪುಸ್ತಕ ತೆಗೆದು, ತಮ್ಮ ಕೈಯಾರೆ ಕೊನೆಯ ಮುದ್ರೆ ಒತ್ತಿ ಅವರಿಗೆ ಕೊಟ್ಟರು. ಬಾಗಿಲ ಹತ್ತಿರ ನಾನು ಅಡ್ಡ ನಿಂತೆ. “ಲಕ್ಷ್ಮೀಶಣ್ಣ, ನಂದ ತಪ್ಪಾತು. ಕ್ಷಮಾ ಮಾಡು.”

ಅವರು ನನ್ನನ್ನೂ ಕೈಯಲ್ಲಿದ್ದ ಪುಸ್ತಕವನ್ನೂ ನೋಡಿದರು. “ಓದಿ ಹೇಳ್ತೀನಿ, ನಾಗಲಿಂಗಪ್ಪ” ಎಂದು ಬಾಗಿಲು ದಾಟಿ ಹೋದರು. ಮೂರು ವಾರದಲ್ಲಿ ಹಿಂತಿರುಗಿಸಬೇಕಾದ ಪುಸ್ತಕವದು. ವರ್ಷವಾಗುತ್ತಾ ಬಂತು, ಶನಿವಾರದ ಓದಿಗೆ ಅವರು ಇನ್ನೂ ಬಂದಿಲ್ಲ.