ಕರಿಬೇವಿನ ಕುಂಡದೊಳಗಿನ ಹೊಳೆಯ ಚಿನ್ನ

ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ನಮ್ಮ ಫ್ಲ್ಯಾಟಿಗೆ ಆ ಚಿನ್ನ ಬಂದದ್ದು ಕಾಫಿ ಪುಡಿಯ ಖಾಲಿ ಡಬ್ಬಿಯಲ್ಲಿ. ನಮ್ಮ ಯಜಮಾನರ ವರ್ಕ್‌ಶಾಪಿನಲ್ಲಿ ಮರಳು, ಜಲ್ಲಿ ತೊಳೆದು ಬೇರ್ಪಡಿಸುವ ಯಂತ್ರಗಳನ್ನು ಕಟ್ಟುತ್ತಿದ್ದರು. ಅಂಥದ್ದೊಂದನ್ನು ಜೋಡಿಸಿಕೊಡಲು ಅವರು ಒಂದು ಬೇಸಗೆಯಲ್ಲಿ ಆರು ವಾರ ಕೆನಡಾದ ಉತ್ತರದ ಹೊಳೆಯೊಂದರ ದಡದಲ್ಲಿದ್ದರು. ಅಲ್ಲಿ ಚಿನ್ನಕ್ಕೆಂದು ಸುರಂಗ ತೋಡುವುದಿಲ್ಲವಂತೆ. ಹೊಳೆ ಬೆಟ್ಟ ಕೊರೆದು ತಂದು ಹಾಕಿದ ಜಲ್ಲಿಯಲ್ಲೇ ಅದು ಪುಡಿಪುಡಿಯಾಗಿ ಸೇರಿಕೊಂಡಿರುತ್ತದೆ. ಹೆಪ್ಪುಗಟ್ಟಿದ ನೆಲವನ್ನು ಕರಗಿಸಿ, ಜಲ್ಲಿಯನ್ನು ಇಳಿಜಾರಾದ ಉದ್ದ ತೊಟ್ಟಿಗೆ ಸುರಿದು ನೀರು ಬಿಡುತ್ತಾರೆ. ಹಗುರಾದದ್ದು ಹರಿದುಹೋಗುತ್ತದೆ, ಭಾರವಾದದ್ದು ತಳಕ್ಕೆ ಹಾಸಿದ ಒರಟು ಚಾಪೆಯಲ್ಲಿ ಕೂರುತ್ತದೆ. "ನಮ್ಮ ಬಾಗಿಲಿನ ಕಾಲೊರಸು ಉಂಟಲ್ಲ, ಹಾಗೇ," ಎಂದು ಫೋನಿನಲ್ಲಿ ಹೇಳಿದ್ದರು. ಆಮೇಲೆ ಕೆಲವು ದಿನ ನಾನು ಕಾಲೊರಸನ್ನು ಸ್ವಲ್ಪ ಮರ್ಯಾದೆಯಿಂದಲೇ ಕೊಡವಿದೆ.

ಹೊರಡುವಾಗ ಅಲ್ಲಿಯ ಮುದುಕ ಮಾಲೀಕ ಎರಡು ಹಿಡಿ ಕಪ್ಪು ಬೆರೆತ ಮರಳನ್ನು ಡಬ್ಬಿಗೆ ತುಂಬಿ ಇವರ ಕೈಗಿಟ್ಟನಂತೆ. ಚಾಪೆ ಝಾಡಿಸಿದಾಗ ಉಳಿಯುವ ಮರಳು ಅದು. ಬೆಳಕಿಗೆ ಹಿಡಿದರೆ ಅಲ್ಲೊಂದು ಇಲ್ಲೊಂದು ಹಳದಿ ಚುಕ್ಕಿ, ರವೆಯ ಕಾಳಿಗಿಂತ ಸಣ್ಣದು.

ಐದನೇ ಕ್ಲಾಸಿನ ನಮ್ಮ ಮಗಳು ಶಾಲೆಯ ಪ್ರದರ್ಶನದಲ್ಲಿ ನಿಜವಾದ ಚಿನ್ನ ತೊಳೆದು ತೋರಿಸುತ್ತೇನೆ ಎಂದು ಕ್ಲಾಸಿಗೆಲ್ಲ ಹೇಳಿಬಿಟ್ಟಿದ್ದಳು. ಹಿಂದಿನ ವರ್ಷ ಅವಳು ಎಲ್ಲರ ಮುಂದೆ ನಿಂತು ಒಂದು ಮಾತೂ ಹೊರಡದೆ ವಾಪಸ್ಸು ಬಂದು ಕೂತಿದ್ದಳು. ಈ ಸಲ ತಾನಾಗಿ ಕೈ ಎತ್ತಿದ್ದಾಳೆಂದರೆ ನಮಗಿಬ್ಬರಿಗೂ ಅದೇ ದೊಡ್ಡ ಸಂಗತಿ.

ಪ್ರದರ್ಶನ ಭಾನುವಾರ. ಶನಿವಾರ ಅಪ್ಪ ಮಗಳು ಬೋರ್ಡ್ ಪೇಪರ್ ತರಲು ಹೋದಾಗ ನಾನು ಡಬ್ಬಿ ತೆರೆದು ನೋಡಿದೆ. ಮರಳಿನಲ್ಲಿ ಇನ್ನೂ ಕೆಸರು ಅಂಟಿಕೊಂಡಿತ್ತು. ಒಂದು ಸಲ ತೊಳೆದಿಟ್ಟರೆ ಮಗುವಿಗೆ ಸುಲಭವಾಗುತ್ತದೆ ಎನಿಸಿತು. ಎರಡು ಸ್ಟೀಲಿನ ಪಾತ್ರೆ ತೆಗೆದುಕೊಂಡೆ. ಊರಿನಲ್ಲಿ ಕುಚ್ಚಲಕ್ಕಿಯ ಕಲ್ಲು ತೆಗೆಯಲು ಅಮ್ಮ ಕಲಿಸಿದ ಹಾಗೆ, ನೀರಿನಲ್ಲಿ ಪಾತ್ರೆಯನ್ನು ಅತ್ತಿತ್ತ ತೂಗಿಸುತ್ತ ಗಾಳಿಸಿದೆ. ಮೇಲಿನದು ಸ್ವಲ್ಪಸ್ವಲ್ಪವಾಗಿ ಎರಡನೆಯ ಪಾತ್ರೆಗೆ ಇಳಿಯಿತು. ಕೊನೆಗೆ ತಳದಲ್ಲಿ ಉಳಿದ ಎರಡು ಚಮಚದಷ್ಟನ್ನು, ಕೈ ರೂಢಿಯಂತೆ, ಬಾಲ್ಕನಿಯ ಕರಿಬೇವಿನ ಕುಂಡಕ್ಕೆ ಚೆಲ್ಲಿ, ಮೇಲೆ ಒಂದು ಚೊಂಬು ನೀರೂ ಹಾಕಿದೆ. ಗಿಡ ಬಾಡಿದ ಹಾಗಿತ್ತು.

ಎರಡನೆಯ ಪಾತ್ರೆಯ ಮರಳು ಎಷ್ಟು ಚೊಕ್ಕಟವಾಗಿತ್ತೆಂದರೆ ನನಗೇ ಹೆಮ್ಮೆಯಾಯಿತು. ಅವರು ಬಂದ ಕೂಡಲೇ ತೋರಿಸಿದೆ.

ಮಗಳು ಪಾತ್ರೆಯೊಳಗೆ ಬಗ್ಗಿದಳು. "ಅಮ್ಮ, ವೇರ್ ಈಸ್ ದ ಬ್ಲ್ಯಾಕ್ ಪಾರ್ಟ್?"

"ಅದು ಕಲ್ಲು ಅಲ್ವಾ ಮಗಾ, ಕುಂಡಕ್ಕೆ..." ಎನ್ನುವಷ್ಟರಲ್ಲಿ ನನಗೆ ಹೊಳೆಯಿತು. ಅನ್ನಕ್ಕೆ ಮೇಲೆ ಬಂದದ್ದು ಬೇಕು, ಚಿನ್ನಕ್ಕೆ ತಳದಲ್ಲಿ ಕೂತದ್ದು.

ಅವಳು ಅಳಲಿಲ್ಲ. ಅತ್ತಿದ್ದರೆ ಒಳ್ಳೆಯದಿತ್ತು. ಸೋಫಾದ ಮೂಲೆಯಲ್ಲಿ ಕೂತು ಸಣ್ಣ ದನಿಯಲ್ಲಿ, "ದೇ ವಿಲ್ ಸೇ ಐ ಲೈಡ್," ಎಂದಳು.

ಇವರು ಬಾಲ್ಕನಿಗೆ ಹೋಗಿ ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತರು. "ಎಂತ ಮಾರಾಯ್ತಿ, ಆರು ವಾರ ಸೊಳ್ಳೆ ಕಚ್ಚಿಸಿಕೊಂಡು ತಂದದ್ದನ್ನು ಸಾರಿನ ಒಗ್ಗರಣೆಗೆ ಹಾಕಿಬಿಟ್ಟಿಯಲ್ಲ."

"ನೀವೊಬ್ಬರು. ತಮಾಷೆ ಸಾಕು. ಸಿಗ್ತದಾ ಇಲ್ವಾ ಹೇಳಿ."

"ಸಿಗದೆ ಎಲ್ಲಿಗೆ ಹೋಗ್ತದೆ? ನರ್ಸರಿಯವ ಇದಕ್ಕೆ ತುಂಬಿಸಿದ್ದು ಪೂರಾ ತೆಂಗಿನ ನಾರಿನ ಪುಡಿ. ಅದು ನೀರಲ್ಲಿ ತೇಲ್ತದೆ. ನೀರು ಹಾಕಿದ್ದಿಯಲ್ಲ, ಚಿನ್ನ ಸ್ವಲ್ಪ ಕೆಳಗೆ ಇಳಿದಿರ್ತದೆ ಅಷ್ಟೇ."

ಗಿಡವನ್ನು ಬೇರು ಸಮೇತ ಎತ್ತಿ ಬಕೆಟ್ಟಿನಲ್ಲಿಟ್ಟೆವು. ಕುಂಡದ್ದನ್ನೆಲ್ಲ ಸ್ನಾನದ ಟಬ್ಬಿಗೆ ಸುರಿದು ನೀರು ತುಂಬಿಸಿದರೆ ನಾರು ಬುಗ್ಗೆಂದು ಮೇಲೆದ್ದಿತು. ಅದನ್ನು ಬಾಚಿ ತೆಗೆದು, ತಳದ್ದನ್ನು ಅಗಲ ಪಾತ್ರೆಗೆ ಹಾಕಿ ಗಾಳಿಸಲು ಕೂತೆ. ಈ ಸಲ ಪ್ರತಿ ಬಾರಿ ತೂಗಿಸುವಾಗಲೂ ನನಗೆ ನಾನೇ ಹೇಳಿಕೊಳ್ಳಬೇಕಾಯಿತು, ಹೋಗುವುದು ಹೋಗಲಿ, ಉಳಿಯುವುದು ಉಳಿಯಲಿ ಎಂದು. ಮಗಳು ಮೆಲ್ಲಗೆ ಬಂದು ಬಚ್ಚಲಿನ ಹೊಸ್ತಿಲ ಮೇಲೆ ಕೂತಳು. ಹಿಂದೆ ಅಪ್ಪ ಮರಳು ತೊಳೆಯಲು ಕಲಿಸುವಾಗ ಅವಳು ತಟ್ಟೆಯನ್ನು ಜೋರಾಗಿ ಕುಲುಕಿ ಎಲ್ಲ ಚೆಲ್ಲುತ್ತಿದ್ದಳು. ಈಗ ನನ್ನ ಮಣಿಕಟ್ಟನ್ನೇ ನೋಡುತ್ತಿದ್ದಳು.

"ಕೊಡು ಅಮ್ಮ, ನಾನು."

ಕೊಟ್ಟೆ. ಕೈ ಮೇಲೆ ಕೈ ಇಟ್ಟು ನಾಲ್ಕು ಸಲ ತೂಗಿಸಿದೆ, ಐದನೆಯ ಸಲಕ್ಕೆ ಬಿಟ್ಟೆ. ಅವಳ ತುಟಿ ಮುಂದಕ್ಕೆ ಬಂದಿತ್ತು, ಸೂಜಿಗೆ ದಾರ ಪೋಣಿಸುವಾಗ ಬರುವ ಹಾಗೆ. ನಾರಿನ ಚೂರು ಹೋಯಿತು, ಬಿಳಿ ಹರಳು ಹೋಯಿತು, ಕಪ್ಪು ಮರಳು ಅಂಚಿನಲ್ಲಿ ಅರ್ಧಚಂದ್ರದಂತೆ ಕೂತಿತು. ಅದರ ತುದಿಯಲ್ಲಿ ಒಂದು ಹಳದಿ ಚುಕ್ಕಿ, ಮತ್ತೊಂದು, ಆಮೇಲೆ ಒಟ್ಟಿಗೆ ಮೂರು.

"ಖಲಾಸ್, ಸಾಕು, ಇನ್ನು ಅಲ್ಲಾಡಿಸಬೇಡ," ಎಂದರು ಇವರು.

ಎಲ್ಲವೂ ಸಿಕ್ಕಿರಲಾರದು. ಕೆಲವು ಬೇರಿಗೆ ಅಂಟಿಕೊಂಡೇ ಮತ್ತೆ ಕುಂಡ ಸೇರಿರಬೇಕು.

ಭಾನುವಾರ ನಾನು ತಾಯಂದಿರ ಸಾಲಿನಲ್ಲಿ ಗೋಡೆಗೆ ಒರಗಿ ನಿಂತಿದ್ದೆ. ಮಗಳು ಕಪ್ಪು ಮರಳಿಗೆ ಬೇಕೆಂದೇ ಎರಡು ಹಿಡಿ ನಾರಿನ ಪುಡಿ ಬೆರೆಸಿಕೊಂಡು ಬಂದಿದ್ದಳು. ಪಾತ್ರೆ ತೂಗಿಸುತ್ತಲೇ, ಯಾರೂ ಕೇಳದೆ, ತನ್ನಮ್ಮ ಇದನ್ನು ಗಿಡಕ್ಕೆ ಚೆಲ್ಲಿದ ಕಥೆಯನ್ನು ಇಂಗ್ಲಿಷಿನಲ್ಲಿ ಶುರುಮಾಡಿದಳು. ಮಕ್ಕಳು ನಕ್ಕರು, ಟೀಚರ್ ನನ್ನ ಕಡೆ ತಿರುಗಿ ನಕ್ಕರು. ನನ್ನ ಕಿವಿ ಬಿಸಿಯಾಯಿತು. ಆದರೆ ಅವಳ ದನಿ ಎಲ್ಲಿಯೂ ನಿಲ್ಲಲಿಲ್ಲ, ಮೇಜಿನ ಮೇಲೆ ಒಂದು ಹನಿ ನೀರೂ ಚೆಲ್ಲಲಿಲ್ಲ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಮುಂದೆ ಬಂದು ಪಾತ್ರೆಯೊಳಗೆ ಇಣುಕಿದಳು.

"ಇಟ್ಸ್ ಸೋ ಸ್ಮಾಲ್," ಎಂದಳು.

"ಯೆಸ್, ಬಟ್ ಇಟ್ಸ್ ಹೆವಿ," ಎಂದಳು ನನ್ನ ಮಗಳು, ತಲೆ ಎತ್ತದೆ, ಇನ್ನೊಮ್ಮೆ ತೂಗಿಸುತ್ತ.