ಫಿರಂಗಿಯ ಮೇಲೆ ಅಂಗಿ ಒಣಹಾಕಿದವರು

ಬೀದಿಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮೂಲೆಯ ಇಸ್ತ್ರಿ ಅಂಗಡಿಯ ಬಾಗಿಲು ಮಾತ್ರ ಅರ್ಧ ತೆರೆದಿದೆ. ಒಳಗೆ ಗಂಡ ಹೆಂಡತಿ ಎದುರುಬದುರು ಮೇಜುಗಳ ಮುಂದೆ ನಿಂತಿದ್ದಾರೆ. ಗಂಡನ ಮೇಜಿನ ಮೇಲೆ ಆಸ್ಪತ್ರೆಯ ಬಿಳಿ ಕೋಟುಗಳು, ಆಕೆಯ ಮೇಜಿನ ಮೇಲೆ ಶಾಲೆ ಮಕ್ಕಳ ಸಮವಸ್ತ್ರ. ಇಸ್ತ್ರಿಪೆಟ್ಟಿಗೆಯನ್ನು ಕೆನ್ನೆಯ ಹತ್ತಿರ ತಂದು ಬಿಸಿ ನೋಡುತ್ತಾರೆ, ನೀರು ಚಿಮುಕಿಸುತ್ತಾರೆ, ಒತ್ತುತ್ತಾರೆ. ಗಲಾಟೆಯೆಲ್ಲ ಗಂಡನ ಬೆನ್ನ ಹಿಂದಿನ ಗೋಡೆಯಲ್ಲಿ. ಅಲ್ಲಿ ಕಟ್ಟು ಹಾಕಿದ ದೊಡ್ಡ ಚಿತ್ರವೊಂದರಲ್ಲಿ ಕುದುರೆ ಸವಾರರ ದಂಡು ಹೊಗೆ ಸೀಳಿಕೊಂಡು ಮುನ್ನುಗ್ಗುತ್ತಿದೆ.

ಈ ಚಿತ್ರದ ದೆಸೆಯಿಂದಲೇ ಬೀದಿಯವರು ಗಂಡನನ್ನು ಸೇನಾಪತಿ ಎಂದು ಕರೆಯುತ್ತಾರೆ. ಸೈನ್ಯದ ಕಡೆ ತಲೆ ಹಾಕಿಯೂ ಮಲಗಿದವರಲ್ಲ. ಎರಡು ಬೆಕ್ಕು ಜಗಳಕ್ಕೆ ನಿಂತರೆ ಬಾಗಿಲು ಹಾಕಿಕೊಳ್ಳುವ ಆಸಾಮಿ ಎಂದು ಹೆಂಡತಿಯೇ ಕಾಲೆಳೆಯುತ್ತಾರೆ. ಆದರೆ ಅಂಗಡಿಯ ಹಿಂದಿನ ಕೋಣೆಯಲ್ಲಿ, ಹೊದಿಕೆಗಳ ರಾಶಿಯ ಪಕ್ಕದಲ್ಲಿ, ಜಗತ್ತಿನ ಯಾವ್ಯಾವುದೋ ಯುದ್ಧಗಳೆಲ್ಲ ತೆಳುಬಟ್ಟೆ ಹೊದ್ದು ಒಂದರ ಮೇಲೊಂದು ಮಲಗಿವೆ. ಹಳೆಯ ಸಚಿತ್ರ ಪತ್ರಿಕೆಗಳಲ್ಲಿ ಅಚ್ಚಾದ ಯುದ್ಧದ ಚಿತ್ರಗಳನ್ನು ಇಷ್ಟು ಅಕ್ಕರೆಯಿಂದ ಕೂಡಿಟ್ಟವರನ್ನು ಕಾಣುವುದು ಅಪರೂಪ.

ಶುರುವಾದದ್ದು ವಕೀಲರೊಬ್ಬರ ಪ್ಯಾಂಟಿನಿಂದ. ಇಸ್ತ್ರಿಯಾದ ಬಟ್ಟೆ ಸುತ್ತಿಕೊಡಲು ಸೇನಾಪತಿ ಆಗ ರದ್ದಿ ಕಾಗದ ತರುತ್ತಿದ್ದರು. ಒಂದು ದಿನ ಕಟ್ಟು ಬಿಚ್ಚಿ, ಹಾಳೆ ಎಳೆದು, ಪ್ಯಾಂಟು ಇಟ್ಟು, ಇನ್ನೇನು ಮಡಿಸಬೇಕು, ಕಾಗದದೊಳಗಿಂದ ಒಂದು ಕುದುರೆ ಅವರನ್ನೇ ನೋಡುತ್ತಿತ್ತು. ಪ್ಯಾಂಟನ್ನು ಕಾಗದ ಸುತ್ತದೆ ಹಾಗೇ ಕೊಟ್ಟು ಕಳಿಸಿದರು. ವಕೀಲರು ಗೊಣಗಿದರಂತೆ.

ಪತ್ರಿಕೆಯಲ್ಲಿ ಫೋಟೊ ಅಚ್ಚಾಗದ ಕಾಲದ ಹಾಳೆಗಳು ಇವು. ಯುದ್ಧ ನಡೆದ ಕಡೆಯಿಂದ ಚಿತ್ರಕಾರ ಅವಸರದಲ್ಲಿ ಗೀಚಿ ಕಳಿಸುತ್ತಿದ್ದ. ಊರಿನಲ್ಲಿ ಕುಳಿತ ಕೆಲಸಗಾರರು ಅದನ್ನು ಮರದ ಅಚ್ಚಿನಲ್ಲಿ ಕೊರೆಯುತ್ತಿದ್ದರು. ಚಿತ್ರ ದೊಡ್ಡದಾದರೆ ಅಚ್ಚನ್ನು ತುಂಡು ತುಂಡಾಗಿ ಹಂಚಿಕೊಂಡು ಕೊರೆದು, ಆಮೇಲೆ ಬಿಗಿದು ಜೋಡಿಸುತ್ತಿದ್ದರು. ಆ ಜೋಡಣೆಯ ಬಿಳಿ ಗೆರೆಯನ್ನು ಸೇನಾಪತಿ ಬೆರಳು ತಾಗಿಸದೆ ತೋರಿಸುತ್ತಾರೆ.

"ಈ ಕುದುರೆಗೆ ಮುಂಗಾಲು ಒಬ್ಬ ಕೊರೆದಿದ್ದಾನೆ, ಹಿಂಗಾಲು ಇನ್ನೊಬ್ಬ. ರಾಜರ ಹೆಸರು ಕೆಳಗೆ ದಪ್ಪಕ್ಕೆ ಹಾಕಿದ್ದಾರೆ. ಇವರಿಬ್ಬರ ಹೆಸರು ಎಲ್ಲೂ ಇಲ್ಲ. ನನಗೆ ಅವರೇ ನೆನಪಾಗ್ತಾರೆ."

ಮಡಿಕೆ ಬಿದ್ದ ಹಾಳೆ ಸಿಕ್ಕರೆ ಸಂಜೆ ಇಸ್ತ್ರಿಪೆಟ್ಟಿಗೆ ಆರುತ್ತಾ ಬಂದ ಮೇಲೆ ಕೆಲಸಕ್ಕೆ ಕೂರುತ್ತಾರೆ. ಚಿತ್ರದ ಮುಖ ಕೆಳಗೆ, ಮೇಲೊಂದು ತೆಳುಬಟ್ಟೆ, ಉಗುರು ಬೆಚ್ಚಗಿನ ಪೆಟ್ಟಿಗೆ. ಎಳೆಯುವಂತಿಲ್ಲ, ಇಟ್ಟು ಎತ್ತಬೇಕು. ಮಗುವಿನ ಬೆನ್ನು ತಟ್ಟಿದ ಹಾಗೆ ಎನ್ನುತ್ತಾರೆ.

ಹೆಂಡತಿಗೆ ಈ ಹುಚ್ಚು ಹಿಡಿಸಿದ್ದೇ ಇಲ್ಲ. ಮನೆ ತುಂಬ ಹೊಡೆದಾಟ ಎಂದು ಮೂಗು ಮುರಿಯುತ್ತಾರೆ. ಆದರೂ ಒಂದು ಚಿತ್ರ ಮಾತ್ರ ಆಕೆಗೆ ಬಹಳ ಇಷ್ಟವಾಗಿತ್ತು. ಕಾಳಗ ಮುಗಿದ ಮಾರನೆಯ ದಿನದ್ದು. ಹೊಳೆಯ ದಡದಲ್ಲಿ ಸೈನಿಕರು ಬಟ್ಟೆ ಒಗೆಯುತ್ತಿದ್ದಾರೆ, ಗಿಡಗಳ ಮೇಲೆ ಹರವಿದ್ದಾರೆ, ಸಾಲದ್ದಕ್ಕೆ ಫಿರಂಗಿಯ ಉದ್ದಕ್ಕೂ ಅಂಗಿ ಒಣಹಾಕಿದ್ದಾರೆ. "ಒಗೆಯೋಕೆ ಜೀವ ಉಳಿಸಿಕೊಂಡು ಬಂದವರು ಇವರು" ಎಂದು ಆಕೆ ಅದನ್ನು ಆಗಾಗ ತೆಗೆಸಿ ನೋಡುತ್ತಿದ್ದರು.

ಹಾಗೆ ತೆಗೆದು ಇಟ್ಟು ಹಾಳೆ ಮೆತ್ತಗಾಗುತ್ತಿದೆ ಅನ್ನಿಸಿದಾಗ ಸೇನಾಪತಿ ತಮಗೆ ಗೊತ್ತಿದ್ದ ವಿದ್ಯೆಯನ್ನೇ ಪ್ರಯೋಗಿಸಿದರು. ಖಾದಿ ಅಂಗಿಗೆ ಹಾಕುವ ಹಾಗೆ ತೆಳ್ಳಗೆ ಗಂಜಿ ಸವರಿದರು. ಹಾಳೆ ಗರಿಗರಿಯಾಗಿ ನಿಂತಿತು. ಹೆಂಡತಿಗೂ ಖುಷಿ, ಅವರಿಗೂ ಹೆಮ್ಮೆ. ಮಳೆಗಾಲ ಕಳೆದು ಬಟ್ಟೆ ಸರಿಸಿ ನೋಡಿದರೆ ಹಾಳೆಯ ತುಂಬ ತೂತು. ಗಂಜಿಯ ರುಚಿ ಹತ್ತಿದ ಹುಳುಗಳು ಹೊಳೆ, ಅಂಗಿ, ಫಿರಂಗಿ ಯಾವುದನ್ನೂ ಬಿಟ್ಟಿರಲಿಲ್ಲ.

"ಯುದ್ಧದಲ್ಲಿ ಉಳಿದುಕೊಂಡವರನ್ನ ನಾನು ಗಂಜಿ ಹಾಕಿ ಕೊಂದೆ" ಎನ್ನುವಾಗ ಅವರು ನಗುತ್ತಾರೆ, ಆದರೆ ನಗು ಕಣ್ಣಿನವರೆಗೆ ಹೋಗುವುದಿಲ್ಲ. ಹೆಂಡತಿ ಆ ದಿನ ಹಾಳೆಯ ಪುಡಿ ಗುಡಿಸಿ ಹಾಕಿ ತಮ್ಮ ಮೇಜಿಗೆ ಮರಳಿದರು. ಬೈದಿದ್ದರೆ ಹಗುರಾಗುತ್ತಿತ್ತು. ಅಂದಿನಿಂದ ಸೇನಾಪತಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಆ ಚಿತ್ರದ ಇನ್ನೊಂದು ಪ್ರತಿಯನ್ನು ಹುಡುಕುತ್ತಲೇ ಬಂದಿದ್ದಾರೆ. ಹುಡುಕಾಟದ ಸುಳಿವನ್ನು ಆಕೆಗೆ ಕೊಟ್ಟಿಲ್ಲ.

ಕಳೆದ ವಾರ ಹಳೇ ಕಾಗದದ ವ್ಯಾಪಾರಿಯೊಬ್ಬರು ಸುದ್ದಿ ಕಳಿಸಿದರು. ಚಿತ್ರ ಸಿಕ್ಕಿದೆ, ಅಂಚು ಕೂಡ ಹರಿದಿಲ್ಲ. ಆದರೆ ಇಂಥ ಚಿತ್ರ ಕೂಡಿಡುವವರಲ್ಲಿ ಒಂದು ಪದ್ಧತಿ ಇದೆ, ಚಿತ್ರಕ್ಕೆ ಚಿತ್ರವೇ ಬೆಲೆ. ವ್ಯಾಪಾರಿ ಕೇಳಿದ್ದು ಗೋಡೆಯ ಮೇಲಿನ ಕುದುರೆ ದಂಡನ್ನು. ಬೇರೆ ಯಾವುದಾದರೂ ಆರಿಸಿಕೊಳ್ಳಿ ಎಂದು ಸೇನಾಪತಿ ಗೋಗರೆದರೂ ವ್ಯಾಪಾರಿ ಜಪ್ಪಯ್ಯ ಎನ್ನಲಿಲ್ಲ. ಇವತ್ತು ಬೆಳಿಗ್ಗೆ ಬರುವುದಾಗಿ ಹೇಳಿದ್ದಾರೆ.

ಬಂದೇ ಬಿಟ್ಟರು. ಬಗಲಲ್ಲಿ ಚಪ್ಪಟೆಯಾದ ರಟ್ಟಿನ ಚೀಲ. ಸೇನಾಪತಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಸ್ಟೂಲು ಎಳೆದು, ಹತ್ತಿ, ಕುದುರೆ ಚಿತ್ರದ ಕಟ್ಟಿನ ಎರಡೂ ಕಡೆ ಕೈ ಹಾಕುತ್ತಾರೆ. ಆಗ ಹೆಂಡತಿ ತಲೆ ಎತ್ತುತ್ತಾರೆ.

"ಅದನ್ಯಾಕ್ರೀ ಇಳಿಸ್ತಾ ಇದ್ದೀರಿ?"

ವ್ಯಾಪಾರಿಯೇ ವಿಷಯ ಹೇಳಿ ರಟ್ಟು ಬಿಡಿಸಿ ತೋರಿಸುತ್ತಾರೆ. ಆಕೆ ಒಂದು ಸಲ ಚಿತ್ರ ನೋಡುತ್ತಾರೆ, ಒಂದು ಸಲ ಸ್ಟೂಲಿನ ಮೇಲಿನ ಗಂಡನನ್ನು.

"ಬೇಡ ಕಣ್ರೀ. ಅದು ನಿಮ್ಮ ಜೀವ. ನನಗೆ ಇಷ್ಟು ವಯಸ್ಸಾದ ಮೇಲೆ ಚಿತ್ರ ಯಾಕೆ?"

"ನಿನ್ನದನ್ನ ಹಾಳು ಮಾಡಿದವನು ನಾನು" ಎನ್ನುತ್ತಾರೆ ಸೇನಾಪತಿ, ಗೋಡೆಯ ಕಡೆ ಮುಖ ಮಾಡಿಕೊಂಡೇ. "ಇಷ್ಟು ವರ್ಷ ನನ್ನ ಕುದುರೆಗಳ ಗದ್ದಲ ಸಹಿಸಿಕೊಂಡೆಯಲ್ಲ, ಸಾಕು."

ಇಳಿಸಿದ ಕಟ್ಟನ್ನು ಎದೆಗಾನಿಸಿಕೊಂಡು ಸ್ಟೂಲಿನಿಂದ ಇಳಿಯುತ್ತಾರೆ. ಆಮೇಲೆ ವ್ಯಾಪಾರಿಗೆ ಕೊಟ್ಟುಬಿಡುತ್ತಾರೆ. ಇಂಥ ಮನುಷ್ಯರನ್ನು ಕಂಡಾಗ ಮನಸ್ಸು ತುಂಬಿ ಬರುತ್ತದೆ, ಮುಚ್ಚಿಡುವುದೇಕೆ.

ಆಕೆ ಸೆರಗಿಗೆ ಕೈ ಒರೆಸಿಕೊಂಡು ಹೊಸ ಹಾಳೆಯನ್ನು ಬೆಳಕಿಗೆ ಹಿಡಿಯುತ್ತಾರೆ. ಬಾಯಿಂದ ಮೊದಲು ಬರುವುದು ದೂರು. "ಫಿರಂಗಿ ಮೇಲಿನ ಅಂಗಿ ಸರಿಯಾಗಿ ಹಿಂಡಿಲ್ಲ ನೋಡಿ, ನೀರು ಸೋರ್ತಾ ಇದೆ." ಹೇಳುತ್ತಲೇ ಕಣ್ಣು ಒರೆಸಿಕೊಳ್ಳುತ್ತಾರೆ. ಖಾಲಿಯಾದ ಜಾಗದಲ್ಲಿ ಹಾಳೆ ಹಿಡಿದು, ಎತ್ತರ ಸರಿಯಿದೆಯೇ ಎಂದು ಗಂಡನನ್ನು ಕೇಳುತ್ತಾರೆ.

ಅಷ್ಟರಲ್ಲಿ ಬಸ್ ಡ್ರೈವರೊಬ್ಬರು ಸಮವಸ್ತ್ರ ಕೊಡಲು ಬರುತ್ತಾರೆ. ಬಟ್ಟೆ ಮೇಜಿನ ಮೇಲೆ ಹಾಕಿ, ಗೋಡೆ ನೋಡಿ, ಯುದ್ಧ ಎಲ್ಲಿ ಹೋಯಿತು ಎಂದು ಕೇಳುತ್ತಾರೆ. ಸೇನಾಪತಿ ಬಾಯಿ ತೆರೆಯುವ ಮೊದಲೇ ಆಕೆಯ ಉತ್ತರ ಸಿದ್ಧವಾಗಿದೆ.

"ಮುಗೀತು. ಬಟ್ಟೆ ಸಂಜೆಗೆ ಬಂದು ತಗೊಂಡು ಹೋಗಿ."